ದಿಕ್ಕು ತಪ್ಪಿದ ಮ್ಯೂಸಿನ್

ಇವತ್ತು ಒಂದೇ ಒಂದು ಪ್ರೋಟೀನಿನ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಮಕ್-1. ಅದು ಮ್ಯೂಸಿನ್ ಎಂಬ ಗುಂಪಿಗೆ ಸೇರಿದ್ದು. ನಮ್ಮ ಗಂಟಲು, ಜಠರ, ಕರುಳುಗಳ ಒಳಮೈಯಲ್ಲಿ ಸದಾ ಲೋಳೆ ಇರುತ್ತದಲ್ಲ, ಆ ಲೋಳೆಗೆ ಮೂಲವಾದ ಪ್ರೋಟೀನುಗಳೇ ಮ್ಯೂಸಿನ್‌ಗಳು. ಅವುಗಳಲ್ಲಿ ಕೆಲವು ಜೀವಕೋಶದಿಂದ ಹೊರಬಂದು ಲೋಳೆಯಾಗಿ ಹರಿಯುತ್ತವೆ. ಇನ್ನು ಕೆಲವು ಜೀವಕೋಶದ ಮೈಗೇ ನಾಟಿಕೊಂಡು ನಿಲ್ಲುತ್ತವೆ. ಮಕ್-1 ಈ ಎರಡನೆಯ ಬಗೆಯದು.

ಇದು ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ. ಹುಟ್ಟಿದಾಗಿನಿಂದ ನಮ್ಮನ್ನು ಕಾಪಾಡಿಕೊಂಡು ಬಂದಿದೆ. ಆದರೆ ಸ್ತನ, ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಅಂಡಾಶಯ, ದೊಡ್ಡ ಕರುಳು, ಈ ಅಂಗಗಳಿಗೆ ಕ್ಯಾನ್ಸರ್ ಬಂದಾಗ ಇದೇ ಪ್ರೋಟೀನು ರೋಗದ ಕಡೆಗೆ ವಾಲುತ್ತದೆ. ಕಾಯುತ್ತಿದ್ದದ್ದು ಕೊಲ್ಲುವುದಕ್ಕೆ ನೆರವಾಗುವುದು ಹೇಗೆ? ಇದಕ್ಕೆ ನಾನು ಕೊಡುವ ಉತ್ತರ ಚಿಕ್ಕದು. ಅದು ನಿಲ್ಲಬೇಕಾದ ದಿಕ್ಕಿನಲ್ಲಿ ನಿಲ್ಲುವುದಿಲ್ಲ. ಅಷ್ಟೇ. ಆ ಒಂದು ತಪ್ಪಿನಿಂದ ಏನೇನು ಆಗುತ್ತದೆ ಎಂಬುದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಮೊದಲು, ಇದು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಎಲ್ಲಿ? ಕ್ಯಾನ್ಸರ್ ಗಡ್ಡೆಯಲ್ಲಿ ಎಂದು ನೀವು ಊಹಿಸಬಹುದು. ಅಲ್ಲ. ತಾಯಿಯ ಎದೆಹಾಲಿನಲ್ಲಿ.

ಎದೆಹಾಲಿನಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿಗಳಿರುತ್ತವೆ. ಹಾಲು ಮಾಡುವ ಜೀವಕೋಶದಿಂದ ಈ ಹನಿ ಬರಿಮೈಯಲ್ಲಿ ಹೊರಬರುವುದಿಲ್ಲ. ಆ ಜೀವಕೋಶದ ಪೊರೆಯ ಒಂದು ತುಣುಕನ್ನು ಹೊದ್ದುಕೊಂಡು ಬರುತ್ತದೆ. ಹಾಗಾಗಿ ಹಾಲಿನ ಹನಿಯ ಹೊದಿಕೆಯನ್ನು ಪರೀಕ್ಷಿಸಿದರೆ, ಸ್ತನದ ಜೀವಕೋಶದ ಮೇಲ್ಮೈಯನ್ನೇ ಪರೀಕ್ಷಿಸಿದಂತಾಯಿತು. ತಾಯಿಗೆ ಸೂಜಿ ಚುಚ್ಚುವ ಅಗತ್ಯವಿಲ್ಲ. ಎಷ್ಟು ಜಾಣತನದ ದಾರಿ ನೋಡಿ.

ಲಂಡನ್ನಿನ ಇಂಪೀರಿಯಲ್ ಕ್ಯಾನ್ಸರ್ ರಿಸರ್ಚ್ ಫಂಡ್ ಎಂಬ ಸಂಸ್ಥೆಯಲ್ಲಿ ಜಾಯ್ಸ್ ಟೇಲರ್-ಪಾಪಡಿಮಿಟ್ರಿಯು ಎಂಬ ವಿಜ್ಞಾನಿ ಈ ದಾರಿ ಹಿಡಿದರು. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿದ್ಯೆ 1975ರಲ್ಲಿ ಬಂದಿತ್ತು. ಆ ವಿದ್ಯೆಯಿಂದ ಅವರ ತಂಡ ಹಾಲಿನ ಹನಿಯ ಹೊದಿಕೆಗೆ ಅಂಟುವ ಪ್ರತಿಕಾಯಗಳನ್ನು ಮಾಡಿತು. 1981ರಲ್ಲಿ ಅದನ್ನು ಪ್ರಕಟಿಸಿತು. ಆ ಪ್ರತಿಕಾಯಗಳು ಹಾಲಿನ ಹನಿಗೆ ಅಂಟಿದವು. ಸ್ತನ ಕ್ಯಾನ್ಸರಿನ ಜೀವಕೋಶಗಳಿಗೂ ಅಂಟಿದವು. ಎರಡೂ ಕಡೆ ಅವು ಹಿಡಿದದ್ದು ಒಂದೇ ಪ್ರೋಟೀನನ್ನು. ಅದೇ ಮಕ್-1. ಅದರ ಪೂರ್ತಿ ರಚನೆ, ಅದರ ವಂಶವಾಹಿಯ ಮೂಲಕ, 1990ರಲ್ಲಿ ತಿಳಿಯಿತು. ಸಾಂಡ್ರಾ ಗೆಂಡ್ಲರ್ ಅವರ ಹೆಸರು ಈ ಕೆಲಸದ ಜೊತೆ ಸೇರಿಕೊಂಡಿದೆ.

ಹಾಲಿನಲ್ಲೂ ಕ್ಯಾನ್ಸರಿನಲ್ಲೂ ಒಂದೇ ಪ್ರೋಟೀನು. ಇದನ್ನು ನೆನಪಿಟ್ಟುಕೊಳ್ಳಿ. ಈಗ ಅದರ ರೂಪ ಹೇಗಿದೆ ಎಂದು ಹೇಳುತ್ತೇನೆ.

ಕಣ್ಣಿಗೆ ತೋರಿಸಲಾಗದು, ಆದ್ದರಿಂದ ಒಂದು ವಸ್ತುವನ್ನು ನೆನೆಸಿಕೊಳ್ಳಿ. ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಷ್. ನಡುವೆ ಉದ್ದನೆಯ ಕಡ್ಡಿ. ಕಡ್ಡಿಯ ಸುತ್ತ ಒತ್ತೊತ್ತಾಗಿ ಕೂದಲು. ಮಕ್-1 ಹೆಚ್ಚುಕಡಿಮೆ ಹಾಗೇ ಇದೆ. ಕಡ್ಡಿ ಎಂದರೆ ಪ್ರೋಟೀನು. ಕೂದಲು ಎಂದರೆ ಸಕ್ಕರೆಯ ಸರಪಳಿಗಳು. ಇಡೀ ಅಣುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯದೇ.

ಕಡ್ಡಿಯ ಮುಖ್ಯ ಭಾಗ ಇಪ್ಪತ್ತು ಅಮೈನೊ ಆಮ್ಲಗಳ ಒಂದು ಸಾಲು. ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ಕೆಲವರಲ್ಲಿ ಇಪ್ಪತ್ತು ಸಲ, ಕೆಲವರಲ್ಲಿ ನೂರಕ್ಕೂ ಹೆಚ್ಚು ಸಲ. ಇದು ತಂದೆತಾಯಿಯರಿಂದ ಬಂದದ್ದು. ಆದ್ದರಿಂದ ಒಬ್ಬೊಬ್ಬರ ಮಕ್-1 ಒಂದೊಂದು ಉದ್ದ. ಆದರೂ ಎಲ್ಲರಲ್ಲೂ ಅದು ಎತ್ತರದ ಅಣುವೇ. ಜೀವಕೋಶದ ಮೇಲಿನ ಉಳಿದ ಪ್ರೋಟೀನುಗಳಿಗಿಂತ ಹತ್ತಾರು ಪಟ್ಟು ಎತ್ತರ. ಹಾಗೆಂದರೂ ಒಂದು ಮಿಲಿಮೀಟರನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ.

ಇನ್ನೊಂದು ವಿಶೇಷವಿದೆ. ಈ ಅಣು ಒಂದೇ ತುಂಡಲ್ಲ, ಎರಡು ತುಂಡು. ಹೊರಗೆ ಚಾಚಿರುವ ದೊಡ್ಡ ತುಂಡು ಒಂದು. ಪೊರೆಯನ್ನು ದಾಟಿ ಜೀವಕೋಶದ ಒಳಗೆ ಇಳಿದಿರುವ ಚಿಕ್ಕ ತುಂಡು ಇನ್ನೊಂದು. ಎರಡೂ ಒಂದಕ್ಕೊಂದು ಒತ್ತಿಕೊಂಡು ನಿಂತಿವೆಯೇ ಹೊರತು, ಬೆಸುಗೆ ಹಾಕಿದಂತೆ ಕೂಡಿಕೊಂಡಿಲ್ಲ. ಹೊರಗಿನ ತುಂಡು ಕಳಚಿ ಬೀಳಬಲ್ಲದು. ಇದು ದೋಷವಲ್ಲ. ಜಠರದಲ್ಲಿ ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಎಂಬ ರೋಗಾಣು ಬಂದು ಮಕ್-1ಕ್ಕೆ ಅಂಟಿಕೊಂಡರೆ, ಹೊರತುಂಡು ರೋಗಾಣುವಿನ ಸಮೇತ ಕಳಚಿ ಹೋಗುತ್ತದೆ. ಜೀವಕೋಶ ಉಳಿಯುತ್ತದೆ. ಈ ಕಳಚುವ ಗುಣವನ್ನು ಮನಸ್ಸಿನಲ್ಲಿಡಿ. ರಕ್ತಪರೀಕ್ಷೆಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಎತ್ತರದ ಅಣು, ಮೈತುಂಬ ಸಕ್ಕರೆ, ಎರಡು ತುಂಡು. ಇಷ್ಟು ರೂಪದ ಮಾತಾಯಿತು. ಈಗ ದಿಕ್ಕಿನ ಮಾತಿಗೆ ಬರೋಣ.

ಸ್ತನದೊಳಗಿನ ಒಂದು ಹಾಲಿನ ನಾಳವನ್ನು ಅಡ್ಡಕ್ಕೆ ಕತ್ತರಿಸಿದ್ದೇವೆ ಎಂದುಕೊಳ್ಳಿ. ನಡುವೆ ಪೊಳ್ಳು. ಅದರ ಸುತ್ತ ಜೀವಕೋಶಗಳು ಉಂಗುರದ ಹಾಗೆ ನಿಂತಿವೆ. ಪ್ರತಿ ಜೀವಕೋಶಕ್ಕೂ ಒಂದು ತಲೆ, ಎರಡು ಮಗ್ಗುಲು, ಒಂದು ಪಾದ. ತಲೆ ನಡುವಿನ ಪೊಳ್ಳಿನ ಕಡೆಗೆ. ಮಗ್ಗುಲು ಪಕ್ಕದ ಜೀವಕೋಶಕ್ಕೆ ತಾಗಿರುತ್ತದೆ. ಪಾದ ಹೊರಗಡೆಯ ತೆಳ್ಳನೆಯ ಪದರದ ಮೇಲೆ. ಆ ಪದರದ ಆಚೆಗೆ ರಕ್ತನಾಳಗಳಿವೆ. ಶ್ವಾಸನಾಳದಲ್ಲಿ, ಮೇದೋಜೀರಕ ಗ್ರಂಥಿಯ ನಾಳದಲ್ಲಿ, ಎಲ್ಲ ಕಡೆಯೂ ಇದೇ ಕ್ರಮ.

ಆರೋಗ್ಯವಂತ ಜೀವಕೋಶದಲ್ಲಿ ಮಕ್-1 ಇರುವುದು ತಲೆಯ ಮೇಲೆ ಮಾತ್ರ. ಮಗ್ಗುಲಲ್ಲಿ ಇಲ್ಲ, ಪಾದದಲ್ಲಿ ಇಲ್ಲ. ಅದು ನೋಡುವುದು ಪೊಳ್ಳಿನ ಕಡೆಗೆ. ಕಳಚಿ ಬಿದ್ದರೂ ಪೊಳ್ಳಿಗೇ ಬೀಳುತ್ತದೆ. ಹಾಲಿನ ಜೊತೆ, ಲೋಳೆಯ ಜೊತೆ ಮೈಯಿಂದ ಹೊರಗೆ ಹೋಗುತ್ತದೆ. ರಕ್ತಕ್ಕೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಕ್ಯಾನ್ಸರ್ ಬಂದಾಗ ಏನಾಗುತ್ತದೆ? ಜೀವಕೋಶಕ್ಕೆ ತಲೆ ಯಾವುದು, ಪಾದ ಯಾವುದು ಎಂಬ ಗೊತ್ತುಗುರಿ ಹೋಗುತ್ತದೆ. ಉಂಗುರ ಒಡೆಯುತ್ತದೆ. ಜೀವಕೋಶಗಳು ಹೇಗೆಂದರೆ ಹಾಗೆ ರಾಶಿ ಬೀಳುತ್ತವೆ. ಆಗ ಮಕ್-1 ಮೈತುಂಬ ಹರಡಿಕೊಳ್ಳುತ್ತದೆ. ತಲೆಯಲ್ಲೂ ಇದೆ, ಮಗ್ಗುಲಲ್ಲೂ ಇದೆ, ಪಾದದಲ್ಲೂ ಇದೆ. ಜೊತೆಗೆ ಅದರ ಪ್ರಮಾಣವೂ ಏರುತ್ತದೆ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಈ ಪ್ರೋಟೀನು ಕಾಣುತ್ತದೆ.

ದಿಕ್ಕು ತಪ್ಪುವುದು ಎಂದು ಮೊದಲೇ ಹೇಳಿದ್ದು ಇದನ್ನೇ. ಇದರ ಪರಿಣಾಮಗಳನ್ನು ಈಗ ನೋಡೋಣ.

ಒಂದು, ಸೇರಬಾರದವರ ಜೊತೆ ಸೇರುವುದು. ಜೀವಕೋಶದ ಮೇಲೆ ಬೆಳವಣಿಗೆಯ ಆಜ್ಞೆ ಪಡೆಯುವ ಗ್ರಾಹಕಗಳಿವೆ. 'ಬೆಳೆ, ಇಬ್ಭಾಗವಾಗು' ಎಂಬ ಆಜ್ಞೆ. ಆರೋಗ್ಯವಂತ ಜೀವಕೋಶದಲ್ಲಿ ಆ ಗ್ರಾಹಕಗಳು ಮಗ್ಗುಲು ಮತ್ತು ಪಾದದ ಕಡೆ ಇರುತ್ತವೆ. ಮಕ್-1 ತಲೆಯ ಮೇಲಿರುತ್ತದೆ. ಇಬ್ಬರಿಗೂ ಭೇಟಿಯೇ ಇಲ್ಲ. ದಿಕ್ಕು ತಪ್ಪಿದ ಮೇಲೆ ಇಬ್ಬರೂ ಅಕ್ಕಪಕ್ಕ ಬರುತ್ತಾರೆ. ಮಕ್-1ರ ಒಳತುಂಡಿಗೆ ಎಪ್ಪತ್ತು ಚಿಲ್ಲರೆ ಅಮೈನೊ ಆಮ್ಲಗಳ ಒಂದು ಬಾಲವಿದೆ. ಅದು ಆ ಗ್ರಾಹಕಗಳ ಜೊತೆ ಕೈಸೇರಿಸುತ್ತದೆ. ಬೆಳವಣಿಗೆಯ ಆಜ್ಞೆ ಜೋರಾಗುತ್ತದೆ. ಸಾಯಬೇಕಾದ ಜೀವಕೋಶ ಸಾಯದೆ ಉಳಿಯುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿರುವ ಡೇನಾ-ಫಾರ್ಬರ್ ಸಂಸ್ಥೆಯ ಡೊನಾಲ್ಡ್ ಕ್ಯೂಫ್ ಅವರು ಈ ಬಾಲದ ಕೆಲಸವನ್ನು ಬಿಡಿಸಿಡುವುದರಲ್ಲೇ ದಶಕಗಳನ್ನು ಕಳೆದಿದ್ದಾರೆ.

ಎರಡು, ಎತ್ತರದ ಒತ್ತಡ. ಮಕ್-1 ಬಹಳ ಎತ್ತರದ ಅಣು ಎಂದೆನಲ್ಲ. ಜೀವಕೋಶದ ಸುತ್ತಲೂ ಇಂಥ ಅಣುಗಳು ಎದ್ದು ನಿಂತರೆ, ಜೀವಕೋಶವೂ ಅದು ಊರಿಕೊಳ್ಳುವ ನೆಲವೂ ದೂರವಾಗುತ್ತವೆ. ನೆಲವನ್ನು ಹಿಡಿಯುವ ಪ್ರೋಟೀನುಗಳು ಗಿಡ್ಡ. ಎಲ್ಲ ಕಡೆ ಅವುಗಳಿಗೆ ನೆಲ ಎಟುಕುವುದಿಲ್ಲ. ಎಲ್ಲೋ ಒಂದು ಕಡೆ ಎಟುಕಿದರೆ ಅಲ್ಲಿಗೇ ಎಲ್ಲವೂ ಬಂದು ಗುಂಪುಗೂಡುತ್ತವೆ. ಗುಂಪುಗೂಡಿದಾಗ ಜೀವಕೋಶದೊಳಕ್ಕೆ 'ಬದುಕು, ಬೆಳೆ' ಎಂಬ ಸಂದೇಶ ಬಲವಾಗಿ ಹೋಗುತ್ತದೆ. 2014ರಲ್ಲಿ ಮ್ಯಾಥ್ಯೂ ಪಾಸ್ಜೆಕ್, ವ್ಯಾಲರಿ ವೀವರ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಮುಂದೆ 2022ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಕ್ಯಾರಲಿನ್ ಬರ್ಟೋಜಿ ಅವರೂ ಆ ತಂಡದಲ್ಲಿದ್ದರು. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಜೀವಕೋಶಗಳ ಮೇಲೂ ಮಕ್-1 ಹೆಚ್ಚಾಗಿರುವುದನ್ನು ಅವರು ಕಂಡರು. ರಾಸಾಯನಿಕ ಕ್ರಿಯೆ ಏನೂ ಇಲ್ಲದೆ, ಬರೀ ಎತ್ತರದಿಂದಲೇ ಒಂದು ಅಣು ಜೀವಕೋಶದ ನಡತೆಯನ್ನು ಬದಲಿಸಬಲ್ಲದು ಎಂಬುದನ್ನು ಮೊದಲ ಸಲ ಓದಿದಾಗ ನನಗೆ ಬಹಳ ಹೊತ್ತು ಬೇರೆ ಯೋಚನೆ ಬರಲಿಲ್ಲ.

ಮೂರು, ವೇಷ ಬದಲಾಗುವುದು. ಮತ್ತೆ ಆ ಬ್ರಷ್ಷನ್ನು ನೆನೆಯಿರಿ. ಆರೋಗ್ಯವಂತ ಸ್ತನದಲ್ಲಿ ಅದರ ಕೂದಲು ಉದ್ದ, ಕವಲು ಕವಲು. ಒಳಗಿನ ಕಡ್ಡಿ ಕಾಣುವುದೇ ಇಲ್ಲ. ಕ್ಯಾನ್ಸರಿನಲ್ಲಿ ಆ ಕೂದಲು ಗಿಡ್ಡವಾಗುತ್ತದೆ. ಸಕ್ಕರೆಯ ಸರಪಳಿ ಬೆಳೆಯುವ ಮೊದಲೇ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಬಂದು ತುದಿಗೆ ಕೂತುಬಿಡುತ್ತದೆ. ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಕಡ್ಡಿ ಬಯಲಾಗುತ್ತದೆ. 1987ರಲ್ಲಿ ಲಂಡನ್ನಿನ ಅದೇ ಗುಂಪು ಬಯಲಾದ ಈ ಕಡ್ಡಿಯನ್ನು ಗುರುತಿಸುವ ಪ್ರತಿಕಾಯವನ್ನು ಮಾಡಿತು. ಅದು ಬಹುಪಾಲು ಸ್ತನ ಕ್ಯಾನ್ಸರುಗಳಿಗೆ ಅಂಟಿತು. ಆರೋಗ್ಯವಂತ ಸ್ತನಕ್ಕೆ ಅಂಟಿದ್ದು ತೀರ ಕಡಿಮೆ. ಒಂದೇ ಪ್ರೋಟೀನು, ಎರಡು ವೇಷ.

ಈ ಬಯಲಾದ ವೇಷದಿಂದ ನಮಗೆ ಲಾಭವೂ ಇದೆ, ನಷ್ಟವೂ ಇದೆ. ಲಾಭದ ಮಾತನ್ನು ಕೊನೆಗೆ ಹೇಳುತ್ತೇನೆ. ನಷ್ಟ ಇದು. ನಮ್ಮ ಮೈ ಕಾಯುವ ಬಿಳಿ ರಕ್ತಕಣಗಳ ಮೇಲೆ ಸಿಯಾಲಿಕ್ ಆಮ್ಲವನ್ನು ಗುರುತಿಸುವ ಗ್ರಾಹಕಗಳಿವೆ. 'ಇದು ನಮ್ಮದೇ, ಬಿಟ್ಟುಬಿಡು' ಎಂದು ಹೇಳುವ ಗ್ರಾಹಕಗಳು. ಗಿಡ್ಡ ಕೂದಲಿನ ಮಕ್-1 ಆ ಗ್ರಾಹಕಗಳನ್ನೇ ಹಿಡಿಯುತ್ತದೆ. ಗಡ್ಡೆಯನ್ನು ತಿನ್ನಬೇಕಾದ ಕಣ ಗಡ್ಡೆಗೆ ಸಹಾಯ ಮಾಡುವ ಕಣವಾಗಿ ಮಾರ್ಪಡುತ್ತದೆ. ಇದೂ ಲಂಡನ್ನಿನಿಂದಲೇ 2016ರಲ್ಲಿ ಬಂದ ಸುದ್ದಿ.

ಸೇರಬಾರದವರ ಜೊತೆ ಸೇರುವುದು, ಎತ್ತರದಿಂದ ಒತ್ತುವುದು, ವೇಷ ಬದಲಿಸಿ ಕಾವಲಿನವರನ್ನು ಮರುಳು ಮಾಡುವುದು. ಮೂರೂ ದಿಕ್ಕು ತಪ್ಪಿದ್ದರ ಜೊತೆಗೇ ಬಂದವು. ಆದರೆ ಕೇಳುಗರಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಬಹುದು. ಮಕ್-1 ಇಲ್ಲದಿದ್ದರೂ ಕ್ಯಾನ್ಸರ್ ಹೀಗೇ ಬೆಳೆಯುತ್ತಿತ್ತೇನೋ? ಇದು ಕಾರಣವೋ, ಬರೀ ಜೊತೆಗಾರನೋ?

ನ್ಯಾಯವಾದ ಪ್ರಶ್ನೆ. ಇದಕ್ಕೆ ಇಲಿಗಳಲ್ಲಿ ಉತ್ತರ ಹುಡುಕಿದರು. ಸಾಂಡ್ರಾ ಗೆಂಡ್ಲರ್ ಅವರ ಬಳಗ ಮಕ್-1ರ ವಂಶವಾಹಿಯನ್ನೇ ತೆಗೆದುಹಾಕಿ ಇಲಿಗಳನ್ನು ಬೆಳೆಸಿತು. ಅವು ಚೆನ್ನಾಗಿಯೇ ಬದುಕಿದವು. ಮರಿ ಹಾಕಿದವು. ಆಮೇಲೆ ಸ್ತನದ ಗಡ್ಡೆ ಬರುವ ಗುಣವನ್ನು ಅವುಗಳಲ್ಲಿ ಸೇರಿಸಿದರು. ಮಕ್-1 ಇಲ್ಲದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು. 1995ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಗಡ್ಡೆ ಬಾರದೆ ಹೋಗಲಿಲ್ಲ, ನಿಜ. ನಿಧಾನವಾಯಿತು. ಅಂದರೆ ಈ ಪ್ರೋಟೀನು ಕ್ಯಾನ್ಸರನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ವೇಗ ಕೊಡುತ್ತದೆ.

ಇಷ್ಟು ಹೊತ್ತು ಜೀವಕೋಶದ ಮಾತಾಯಿತು. ಇನ್ನು ನಿಮ್ಮ ಮನೆಬಾಗಿಲಿಗೆ ಬರುವ ಮಾತು, ರಕ್ತಪರೀಕ್ಷೆ.

ಮಕ್-1ರ ಹೊರತುಂಡು ಕಳಚಿ ಬೀಳುತ್ತದೆ ಎಂದಿದ್ದೆ. ಆರೋಗ್ಯವಂತರಲ್ಲಿ ಅದು ಪೊಳ್ಳಿಗೆ ಬೀಳುತ್ತದೆ. ಕ್ಯಾನ್ಸರಿನಲ್ಲಿ ದಿಕ್ಕು ತಪ್ಪಿರುವುದರಿಂದ ಅದು ಪಾದದ ಕಡೆಗೂ ಬೀಳುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಹಾಲಿಗೆ ಹೋಗಬೇಕಾದದ್ದು ರಕ್ತಕ್ಕೆ ಹೋಯಿತು. ರಕ್ತದಲ್ಲಿ ಅದನ್ನು ಅಳೆಯುವ ಪರೀಕ್ಷೆಯೇ ಸಿಎ 15-3. ನಮ್ಮ ಊರುಗಳ ಲ್ಯಾಬುಗಳಲ್ಲೂ ಇದು ಸಿಗುತ್ತದೆ. ಸಾಮಾನ್ಯವಾಗಿ ಮೂವತ್ತರ ಆಸುಪಾಸಿನ ಅಂಕಿಯನ್ನು ಗಡಿಯೆಂದು ಇಟ್ಟುಕೊಳ್ಳುತ್ತಾರೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಬಹಳ.

ರಕ್ತದಲ್ಲಿ ಕ್ಯಾನ್ಸರಿನ ಗುರುತು ಸಿಗುತ್ತದೆ ಎಂದಾದರೆ, ಆರೋಗ್ಯವಾಗಿರುವಾಗಲೇ ಪರೀಕ್ಷೆ ಮಾಡಿಸಿಕೊಂಡು ನಿಶ್ಚಿಂತೆಯಿಂದ ಇರಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ದಯವಿಟ್ಟು ಗಮನವಿಟ್ಟು ಕೇಳಿ. ಸ್ತನ ಕ್ಯಾನ್ಸರ್ ಮೊದಲ ಹಂತದಲ್ಲಿರುವ ನೂರು ಹೆಂಗಸರನ್ನು ತೆಗೆದುಕೊಳ್ಳಿ. ಸಿಎ 15-3 ಏರಿರುವುದು ಸುಮಾರು ಹತ್ತು ಮಂದಿಯಲ್ಲಿ ಮಾತ್ರ. ಎರಡನೆಯ ಹಂತದಲ್ಲಿ ಇಪ್ಪತ್ತು. ಮೂರನೆಯ ಹಂತದಲ್ಲಿ ನಲವತ್ತು. ರೋಗ ಬೇರೆ ಅಂಗಗಳಿಗೆ ಹಬ್ಬಿದ ನಾಲ್ಕನೆಯ ಹಂತದಲ್ಲಿ ಎಪ್ಪತ್ತೈದು. ಅಂದರೆ ಗುಣಪಡಿಸಲು ಹೆಚ್ಚು ಅವಕಾಶವಿರುವ ಹೊತ್ತಿನಲ್ಲಿ ಈ ಪರೀಕ್ಷೆ ನೂರರಲ್ಲಿ ತೊಂಬತ್ತು ಮಂದಿಗೆ 'ಏನೂ ಇಲ್ಲ' ಎನ್ನುತ್ತದೆ. ಗಂಟು ಅಲ್ಲೇ ಬೆಳೆಯುತ್ತಿರುತ್ತದೆ.

ಇದಕ್ಕೆ ತಿರುಗುಮುರುಗೂ ಉಂಟು. ಯಕೃತ್ತಿನ ಕಾಯಿಲೆಯಲ್ಲಿ, ಸ್ತನದ ನಿರಪಾಯದ ಕೆಲವು ತೊಂದರೆಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಈ ಅಂಕಿ ಏರುತ್ತದೆ. ಆಗ ಇಲ್ಲದ ರೋಗದ ಭಯ. ಸ್ಕ್ಯಾನ್ ಮೇಲೆ ಸ್ಕ್ಯಾನ್. ಆರೋಗ್ಯವಾಗಿರುವವರ ತಪಾಸಣೆಯ ಪ್ಯಾಕೇಜಿನಲ್ಲಿ ಇಂಥ ಪರೀಕ್ಷೆ ಸೇರಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಈ ಪರೀಕ್ಷೆ ಯಾರಿಗೆ? ರೋಗ ಈಗಾಗಲೇ ಹಬ್ಬಿ, ಚಿಕಿತ್ಸೆ ನಡೆಯುತ್ತಿರುವವರಿಗೆ. ಸ್ಕ್ಯಾನ್ ಮತ್ತು ವೈದ್ಯರ ತಪಾಸಣೆಯ ಜೊತೆಗೆ, ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2007ರಲ್ಲಿ ಹೇಳಿದ್ದೂ ಇದನ್ನೇ. ಪತ್ತೆಗೆ ಬೇಡ, ಹಬ್ಬಿದ ರೋಗದ ಚಿಕಿತ್ಸೆಯಲ್ಲಿ ಉಳಿದವುಗಳ ಜೊತೆ ಬಳಸಬಹುದು ಎಂದು. ಅಲ್ಲೂ ಒಂದು ಎಚ್ಚರ. ಹೊಸ ಔಷಧ ಶುರುವಾದ ಮೊದಲ ನಾಲ್ಕಾರು ವಾರಗಳಲ್ಲಿ, ಔಷಧ ಕೆಲಸ ಮಾಡುತ್ತಿರುವಾಗಲೇ ಅಂಕಿ ಏರಬಹುದು. ಮನೆಮಂದಿ ಅದನ್ನು ನೋಡಿ ಧೈರ್ಯಗೆಡಬಾರದು.

ಪತ್ತೆಯ ಮಾತು ಬಂದದ್ದರಿಂದ ಒಂದು ಭಾರತೀಯ ಅಧ್ಯಯನವನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ದೇಶದಲ್ಲಿ 2022ರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದವರ ಸಂಖ್ಯೆ ಎರಡು ಲಕ್ಷದ ಹತ್ತಿರವೆಂದು ಅಂದಾಜು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಬಡ ಬಡಾವಣೆಗಳ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಶುರುಮಾಡಿದರು. ಅರ್ಧದಷ್ಟು ಮಂದಿಯ ಸ್ತನವನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಯಂತ್ರವಿಲ್ಲ, ರಕ್ತಪರೀಕ್ಷೆಯಿಲ್ಲ. ಇಪ್ಪತ್ತು ವರ್ಷ ಕಾದು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಐವತ್ತು ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗಿತ್ತು. ಐವತ್ತರ ಒಳಗಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಆದರೂ ಒಬ್ಬ ಕಾರ್ಯಕರ್ತೆಯ ಕಲಿತ ಕೈ, ಮೊದಲ ಹಂತದಲ್ಲಿ, ಈ ದುಬಾರಿ ರಕ್ತಪರೀಕ್ಷೆಗಿಂತ ಎಷ್ಟೋ ಮೇಲು.

ಮಕ್-1 ರಕ್ತಕ್ಕೆ ಬರುವುದು ಹೇಗೆ, ಆ ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಹೇಳಿದೆ. ಉಳಿದಿರುವುದು ಒಂದು ಮಾತು. ದಿಕ್ಕು ತಪ್ಪಿ ವೇಷ ಬದಲಾದದ್ದರಿಂದ ಲಾಭವೂ ಇದೆ ಎಂದೆನಲ್ಲ, ಅದು.

ಆರೋಗ್ಯವಂತ ಮಕ್-1 ಪೊಳ್ಳಿನ ಕಡೆಗಿರುತ್ತದೆ. ನಮ್ಮ ರೋಗನಿರೋಧಕ ಕಣಗಳಿಗೆ ಅದು ಸುಲಭವಾಗಿ ಕಾಣದು. ಕ್ಯಾನ್ಸರಿನಲ್ಲಿ ಅದು ಪಾದದ ಕಡೆಗೂ ಬಂದು, ಕೂದಲು ಗಿಡ್ಡವಾಗಿ, ಕಡ್ಡಿ ಬಯಲಾಗಿ ನಿಲ್ಲುತ್ತದೆ. ಆಗ ನಿರೋಧಕ ಕಣಗಳಿಗೆ ಅದು ಹೊಸಬನಂತೆ ಕಾಣುತ್ತದೆ. 1989ರಲ್ಲಿ ಒಲಿವೆರಾ ಫಿನ್ ಮತ್ತು ಸಂಗಡಿಗರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದವರ ಮೈಯಲ್ಲಿ, ಈ ಪ್ರೋಟೀನನ್ನೇ ಗುರಿಯಾಗಿಟ್ಟುಕೊಂಡ ನಿರೋಧಕ ಕಣಗಳನ್ನು ಕಂಡುಹಿಡಿದರು. ಬಾಸ್ಟನ್‌ನ ಡೇನಿಯಲ್ ಕ್ರೇಮರ್ ಅವರ ತಂಡ 2005ರಲ್ಲಿ ಇನ್ನೊಂದು ಸಂಗತಿ ತಿಳಿಸಿತು. ಸ್ತನದಲ್ಲಿ ಬಾವು ಬಂದು ವಾಸಿಯಾಗಿದ್ದ ಆರೋಗ್ಯವಂತ ಹೆಂಗಸರ ರಕ್ತದಲ್ಲಿ ಮಕ್-1ರ ವಿರುದ್ಧದ ಪ್ರತಿಕಾಯ ಹೆಚ್ಚಾಗಿ ಕಾಣುತ್ತಿತ್ತು. ಬಾವು ಬಂದಾಗ ಈ ಪ್ರೋಟೀನು ಕೆಲಕಾಲ ದಾರಿ ತಪ್ಪಿ ನಿರೋಧಕ ಕಣಗಳ ಕಣ್ಣಿಗೆ ಬಿದ್ದಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ.

ಹಾಗಾದರೆ ಲಸಿಕೆ ಮಾಡಬಹುದಲ್ಲ? ಮಾಡಿದರು. ಮಕ್-1ರ ಕಡ್ಡಿಯ ತುಣುಕನ್ನೇ ಬಳಸಿದ ಟೆಸೆಮೊಟೈಡ್ ಎಂಬ ಲಸಿಕೆಯನ್ನು, ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದಿದ್ದ ಸುಮಾರು ಒಂದೂವರೆ ಸಾವಿರ ರೋಗಿಗಳನ್ನು ಸೇರಿಸಿ ಪರೀಕ್ಷಿಸಿದರು. 2014ರಲ್ಲಿ ಫಲಿತಾಂಶ ಅಚ್ಚಾಯಿತು. ಲಸಿಕೆ ಪಡೆದವರು ಸುಮಾರು 26 ತಿಂಗಳು, ಪಡೆಯದವರು ಸುಮಾರು 22 ತಿಂಗಳು ಬದುಕಿದ್ದರು. ಅದು ಲಸಿಕೆಯಿಂದಲೇ ಆದ ವ್ಯತ್ಯಾಸವೆಂದು ಲೆಕ್ಕ ಒಪ್ಪಲಿಲ್ಲ. ಎಷ್ಟೋ ಜನರ ಆಸೆ ಅಲ್ಲಿಗೆ ಮುರಿಯಿತು.

ಒಲಿವೆರಾ ಫಿನ್ ಅವರ ವಾದ ಬೇರೆ. ರೋಗ ಬಲಿತ ಮೇಲೆ ನಿರೋಧಕ ವ್ಯವಸ್ಥೆ ಬಳಲಿರುತ್ತದೆ. ರೋಗ ಬರುವ ಮುಂಚೆಯೇ ಲಸಿಕೆ ಕೊಡಬೇಕು ಎನ್ನುತ್ತಾರೆ ಅವರು. ಪೋಲಿಯೊ ಹನಿಯನ್ನು ನಾವು ಪೋಲಿಯೊ ಬಂದ ಮೇಲೆ ಹಾಕುವುದಿಲ್ಲವಲ್ಲ. ಈ ವಾದ ನನಗೆ ಸರಿಯೆನಿಸುತ್ತದೆ. ದೊಡ್ಡ ಕರುಳಿನಲ್ಲಿ ಕ್ಯಾನ್ಸರಿಗೆ ಮುಂಚೆ ಸಣ್ಣ ಗಂಟುಗಳು ಏಳುತ್ತವೆ. ಅವನ್ನು ತೆಗೆಸಿಕೊಂಡವರಿಗೆ ಮಕ್-1 ಲಸಿಕೆ ಕೊಟ್ಟು ನೋಡಿದರು. 2013ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಇದ್ದವರು ಸುಮಾರು ನಲವತ್ತು ಮಂದಿ. ಅವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಲ್ಲಿ ಪ್ರತಿಕಾಯ ಹುಟ್ಟಿತು.

ಎರಡನೆಯ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಸುಮಾರು ನೂರು ಮಂದಿ. ಅರ್ಧದಷ್ಟು ಜನರಿಗೆ ಲಸಿಕೆ, ಉಳಿದವರಿಗೆ ಲಸಿಕೆಯಂತೆಯೇ ಕಾಣುವ ಖಾಲಿ ಮದ್ದು. ಲಸಿಕೆ ಪಡೆದವರಲ್ಲಿ ಕಾಲುಭಾಗದ ಮಂದಿಯಲ್ಲಿ ಮಾತ್ರ ಪ್ರತಿಕಾಯ ಹುಟ್ಟಿತು. ಗಂಟು ಮತ್ತೆ ಬರುವುದರಲ್ಲಿ ಎರಡು ಗುಂಪುಗಳ ನಡುವೆ ಒಟ್ಟಾರೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಪ್ರತಿಕಾಯ ಹುಟ್ಟಿದವರನ್ನು ಬೇರೆಯಾಗಿ ನೋಡಿದಾಗ, ಅವರಲ್ಲಿ ಗಂಟು ಮತ್ತೆ ಬಂದದ್ದು ಬಹಳ ಕಡಿಮೆ. ಅವರ ಸಂಖ್ಯೆ ಚಿಕ್ಕದು, ಹತ್ತು ಹನ್ನೆರಡರಷ್ಟು. ಅದಕ್ಕೇ ಈಗಿನ ಕೆಲಸವೆಲ್ಲ ಉಳಿದ ಮುಕ್ಕಾಲು ಜನರಲ್ಲೂ ಆ ಪ್ರತಿಕಾಯ ಹುಟ್ಟುವಂತೆ ಲಸಿಕೆಯನ್ನು ಬಲಪಡಿಸುವುದು ಹೇಗೆ ಎಂಬುದರ ಸುತ್ತ ನಡೆಯಬೇಕಾಗಿದೆ.